ಚಕ್ಕುಬಂದಿ

ಪಾಲಹಳ್ಳಿ ಡೇರಿಯ ಲೆಕ್ಕ ನಿಂತಿದ್ದು ಶುಕ್ರವಾರ.
ಇನ್ನೂರ ಹನ್ನೆರಡು ಜನರ ಬಟವಾಡೆ
ಒಂದು ಹೆಸರಿನ ನೆತ್ತಿಗೆ ಅಂಟಿದ
ಎಳ್ಳಿನಷ್ಟು ಕೊಂಕಿಗೆ ಎಡವಿ.

ಸೆವೆರಿನಾ ಡಿ'ಕುನ್ಹಾ. ಊರ ಬಾಯಲ್ಲಿ ಸೆವ್ರಿನಮ್ಮ.
ಎರಡು ಎಮ್ಮೆ, ಒಂದು ಜರ್ಸಿ, ಸದಸ್ಯ ಸಂಖ್ಯೆ ತೊಂಬತ್ತೇಳು.

ಜಾವಾಸ್ಕ್ರಿಪ್ಟಿನ ಹೊಟ್ಟೆಯೊಳಗೆ
ತೇಪೆ ಹಚ್ಚಿ ಹೊಲಿದಿದ್ದೆ ಪ್ರಶ್ನೆಗಳನ್ನು ನಾನು:
ಅರ್ಧ ವಾಕ್ಯ, ಕೂಡುವ ಚಿಹ್ನೆ, ಹೆಸರು, ಮತ್ತೆ ಕೂಡುವ ಚಿಹ್ನೆ,
ಉಳಿದರ್ಧ ಮುಂದಿನ ಸಾಲಿಗೆ ಜೋತು.
ಕೊಂಕು ಕಂಡದ್ದೇ ಡೇಟಾಬೇಸು
ಹೆಸರು ಅಲ್ಲಿಗೇ ಮುಗಿಯಿತೆಂದುಕೊಂಡು,
ಆಚೆ ಉಳಿದ 'ಕುನ್ಹಾ' ಯಾವ ಅಪ್ಪಣೆಯೋ ತಿಳಿಯದೆ
ಕೆಂಪಕ್ಷರದಲ್ಲಿ ಕೂತುಬಿಟ್ಟಿತು.

"ಹೆಸರಲ್ಲೇ ಐಬು ಮೇಡಂ, ಅಳಿಸಾಕಿ" ಅಂದರು
ಕಾರ್ಯದರ್ಶಿ ಪುಟ್ಟಬಸವಯ್ಯ.
ಅಳಿಸಬಹುದಿತ್ತು. ಒಂದೇ ಗುಂಡಿ.
ಆದರೆ ಅವಳ ಪಾಸ್‌ಬುಕ್ಕು ನನ್ನ ಮೇಜಿನ ಮೇಲಿತ್ತು;
ಅಚ್ಚು ಬಿಟ್ಟುಬಿಟ್ಟ ಆ ಕೊಂಕನ್ನು
ನೀಲಿ ಪೆನ್ನಿನಿಂದ ತಾನೇ ಹಾಕಿಕೊಂಡಿದ್ದಳು,
ಹದಿನಾಲ್ಕು ಪುಟಗಳಲ್ಲಿ.

ಸಂಜೆ ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿ ಎದುರು
ಟೀ ಆರುವವರೆಗೂ ನೋಡಿದೆ
ಪತ್ರ ಬರಹಗಾರ ಮರಿಚನ್ನಯ್ಯನವರ ಕೈ.
ಅಚ್ಚಾದ ಹಾಳೆ. ಶ್ರೀ, ಚುಕ್ಕಿ ಚುಕ್ಕಿ, ಬಿನ್, ಚುಕ್ಕಿ ಚುಕ್ಕಿ.
ಹೆಸರು ಕೂತ ಮೇಲೆ ಮಿಕ್ಕ ಜಾಗಕ್ಕೆ
ಉದ್ದಕ್ಕೂ ಒಂದು ಗೆರೆ; ಮೊತ್ತದ ಬಾಲಕ್ಕೆ 'ಮಾತ್ರ'.

"ಗೆರೆ ಎಳೀದಿದ್ರೆ?"
"ಹೆಸರಿನ ಹಿಂದೆ ಗದ್ದೆ ಬಂದು ಕೂತ್ಕತ್ತದೆ."
ಕಣ್ಣೆತ್ತಲಿಲ್ಲ. "ಒಬ್ಬ ತುಂಬಿದ್ದ ಮಗಾ,
ಕೆಂಪಯ್ಯ ಮತ್ತು ಮೂಡಲ ಬಾವಿ, ಅಂತ."

ಆ ರಾತ್ರಿ ಪ್ರಶ್ನೆಗೊಂದು ಕಡತ ಮಾಡಿದೆ.
ಬಟವಾಡೆ. ಬಾಕಿ. ಹಿಂಡಿ ಮುಂಗಡ. ಸತ್ತ ಕರುವಿನ ವಿಮೆ.
ಒಂದೊಂದೂ ಪೂರಾ ವಾಕ್ಯ, ಕೊನೆಯ ಅರ್ಧವಿರಾಮದವರೆಗೆ.
ಗಟ್ಟಿಯಾಗಿ ಓದಬಹುದು; ಓದಿದೆ ಕೂಡ, ಬೆಕ್ಕು ಎದ್ದು ಹೋಯಿತು.
ಹೆಸರಿನ ಜಾಗಕ್ಕೆ ಡಾಲರ್ ಒಂದು, ತಾರೀಖಿಗೆ ಡಾಲರ್ ಎರಡು.
ಪಾಲಹಳ್ಳಿ ಡೇರಿಗೆ ಬಂದ ಡಾಲರು ಇಷ್ಟೇ,
ಯಾರೂ ಮುರಿಸಲಾರರು.

ಜಾವಾಸ್ಕ್ರಿಪ್ಟು ಈಗ ಬರೀ ಜವಾನ.
ಒಂದು ಕೈಲಿ ಕಡತ, ಇನ್ನೊಂದರಲ್ಲಿ ಹೆಸರಿನ ಚೀಟಿ,
ದಾರಿಯಲ್ಲಿ ಬೆರೆಸುವ ಹಾಗಿಲ್ಲ.
ಚೀಟಿಯಲ್ಲಿ ಕೊಂಕಿರಲಿ, ಬಾವಿಯೇ ಇರಲಿ,
ಅದು ಹೆಸರು. ಅಪ್ಪಣೆ ಕೊಡುವ ಬಾಯಿ ಅದಕ್ಕಿಲ್ಲ.

ಒಂದು ತೊಡಕು ಉಳಿಯಿತು.
ನನಗಿಂತ ಮುಂಚಿನವನು ಯಾರೋ ಪುಣ್ಯಾತ್ಮ
ವರ್ಷಕ್ಕೊಂದು ಕೋಷ್ಟಕ ಕಟ್ಟಿಟ್ಟು ಹೋಗಿದ್ದ,
ಕೋಷ್ಟಕದ ಹೆಸರು ಡಾಲರಿನಲ್ಲಿ ಹಿಡಿಯದು;
ಅಚ್ಚನ್ನೇ ಕೊರೆದು ಬರಿಗೈಲಿ ಕೂರಿಸಬೇಕು.
ಮತ್ತೆ ಹೋದೆ. ಕೋಷ್ಟಕ ಎನ್ನದೆ ಸುತ್ತಿ ಬಳಸಿ ಕೇಳಿದೆ.

"ಹೆಸ್ರು ಅವ್ರು ಹೇಳ್ದಂಗೆ ಬರ್ಕೊ.
ಚಕ್ಕುಬಂದಿ ಮಾತ್ರ ಬಾಯಿಂದ ತಕ್ಕಬ್ಯಾಡ.
ಪಹಣಿ ನೋಡು."

ಪಹಣಿ ಮಾಡಿದೆ: ಏಳು ವರ್ಷಗಳ ಪಟ್ಟಿ.
ಅದರಲ್ಲಿಲ್ಲದ ವರ್ಷವನ್ನು ಯಾರೇ ಕೇಳಲಿ, ಬಾಗಿಲಲ್ಲೇ ತಡೆ.
ಆಮೇಲೆ ಬಟವಾಡೆ ಕಡತದ ತಲೆಯಲ್ಲಿ
ಯಂತ್ರ ಓದದ ಎರಡು ಕಿರುಗೆರೆ ಎಳೆದು, ಮುಂದೆ ಬರುವವರಿಗೆ:
ಇದನ್ನು ತಿದ್ದಿದರೆ ಮೊದಲು
ಸೆವ್ರಿನಮ್ಮನ ಹೆಸರಲ್ಲಿ ಓಡಿಸಿ ನೋಡಿ.

ಶುಕ್ರವಾರ. ಯಂತ್ರ ಚೀಟಿ ಉಗುಳುತ್ತಾ ಬಂತು,
ತೊಂಬತ್ತಾರು. ಉಸಿರು ಹಿಡಿದೆ. ತೊಂಬತ್ತೇಳು.

ಕ್ಯಾನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ
ಬೆಳಕಿಗೆ ಹಿಡಿದಳು ಚೀಟಿ, ಬಹಳ ಹೊತ್ತು.
"ಹೆಸ್ರೇನೋ ಸರಿಯಾಗದೆ ಕನವ್ವ.
ಮಂಗಳವಾರದ ಫ್ಯಾಟು ಯಾಕೆ ಮೂರೂವರೆ?
ನಮ್ಮೆಮ್ಮೆ ಏನು ನೀರು ಕರೀತದಾ?"

ಅದಕ್ಕೆ ಬೇರೆ ಕಡತ. ತೆರೆದೆ.